ಹಳೇ ಕ್ಯಾಸೆಟ್‌ನ ದನಿಯನ್ನು ಕಂಪ್ಯೂಟರಿಗೆ ಇಳಿಸುವುದು ಹೇಗೆ?

ಫಿಲಿಪ್ಸ್ 1963ರಲ್ಲಿ ತಂದ ಕ್ಯಾಸೆಟ್ಟು ಇವತ್ತಿಗೂ ಎಷ್ಟೋ ಮನೆಗಳ ಅಟ್ಟದ ಮೇಲಿದೆ. ಅಂಗಡಿಯಿಂದ ತಂದ ಭಾವಗೀತೆ ಬೇರೆ ಕಡೆ ಸಿಕ್ಕೀತು. ಅಜ್ಜಿ ಹೇಳಿದ ಸೋಬಾನೆ ಪದ, ಊರಿನ ತಾಳಮದ್ದಳೆ ಇನ್ನೆಲ್ಲೂ ಸಿಗುವುದಿಲ್ಲ. ಮೊದಲು ಅವನ್ನೇ ಇಳಿಸಿ. ಜೋಪಾನವಾಗಿಟ್ಟ ಟೇಪು ದಶಕಗಟ್ಟಲೆ ಬಾಳುತ್ತದೆ, ಕೈಕೊಡುವುದು ಹೆಚ್ಚಾಗಿ ಪ್ಲೇಯರ್. ಒಳಗಿನ ರಬ್ಬರ್ ಬೆಲ್ಟ್ ಸಡಿಲವಾದರೆ ಹಾಡು ಎಳೆಯುತ್ತದೆ. ಕೆಲವು ಬೆಲ್ಟ್ ಕರಗಿ ಡಾಂಬರಿನಂತೆ ಅಂಟುತ್ತವೆ. ಬೆಲ್ಟ್ ಬದಲಿಸಿಯೇ ಮುಂದುವರಿಯಿರಿ.

ಲೈನ್-ಇನ್ (ಪ್ಲೇಯರಿನ ದನಿ ಒಳಬರುವ ತೂತು) ಇರುವ ಯುಎಸ್‌ಬಿ ಸೌಂಡ್ ಕಾರ್ಡ್, ಪ್ಲೇಯರಿನಿಂದ ಅದಕ್ಕೆ ಜೋಡಿಸಲು ಒಂದು ಸ್ಟೀರಿಯೊ ಕೇಬಲ್, ಉಚಿತವಾಗಿ ಸಿಗುವ ಅಡಾಸಿಟಿ ತಂತ್ರಾಂಶ ಸಾಕು. ಲ್ಯಾಪ್‌ಟಾಪಿನ ಹೆಡ್‌ಸೆಟ್ ತೂತಿಗೆ ನೇರವಾಗಿ ಚುಚ್ಚಬೇಡಿ. ಅದು ಮೈಕಿಗಾಗಿ ಇರುವುದು; ಎಡ-ಬಲ ಎರಡರ ಬದಲು ಒಂದೇ ಚಾನೆಲ್ ಬರುತ್ತದೆ, ದನಿಯೂ ಒಡೆಯುತ್ತದೆ.

ಪ್ಲೇಯರಿನೊಳಗೆ ಟೇಪಿನ ದನಿ ಓದುವ ಹೆಡ್ಡನ್ನೂ ಪಕ್ಕದ ಉಕ್ಕಿನ ಕಡ್ಡಿಯನ್ನೂ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಹತ್ತಿಕಡ್ಡಿಯಿಂದ ಒರೆಸಿ. ಹತ್ತಿಗೆ ಕಂದು ಬಣ್ಣ ಹತ್ತುವುದು ನಿಂತರೆ ಶುದ್ಧವಾಯಿತು. ರಬ್ಬರ್ ಉರುಳೆಗೆ ಸೋಪುನೀರಿನ ಒದ್ದೆ ಬಟ್ಟೆ ಸಾಕು. ಅದು ಜಿಗುಟಾಗಿದ್ದರೆ ಟೇಪು ಸುತ್ತಿಕೊಂಡು ಹರಿಯುತ್ತದೆ.

ಕರಾವಳಿ, ಮಲೆನಾಡಿನ ಮಳೆಗಾಲ ಕಂಡ ಕ್ಯಾಸೆಟ್ಟಿನ ಕಿಟಕಿಯಲ್ಲಿ ಬಿಳಿ ಬೂಷ್ಟು ಕಂಡರೆ ಹಾಕಲೇಬೇಡಿ. ಹೆಡ್ಡಿನ ಮೂಲಕ ಮುಂದಿನ ಕ್ಯಾಸೆಟ್ಟಿಗೂ ಹಬ್ಬುತ್ತದೆ. ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿ ಕೆಲವು ದಿನ ಒಣಗಿಸಿ, ಮಾಸ್ಕ್ ಹಾಕಿಕೊಂಡು ಹೊರಗಡೆ ಮೆತ್ತನೆ ಬಟ್ಟೆಯಿಂದ ಒರೆಸಿ. ಕ್ಯಾಸೆಟ್ಟಿನಲ್ಲಿ ಟೇಪು ಕಾಣುವ ಅಂಚಿನ ನಡುವಿನ ಸ್ಪ್ರಿಂಗಿನ ಮೇಲೆ, ಟೇಪನ್ನು ಹೆಡ್ಡಿಗೆ ಒತ್ತುವ ಪುಟ್ಟ ಫೆಲ್ಟ್ ತುಂಡು ಬಿದ್ದುಹೋಗಿದ್ದರೆ ದನಿ ಮಂಕಾಗುತ್ತದೆ. ಆಗ ಸ್ಕ್ರೂ ಇರುವ ಬೇರೆ ಕವಚಕ್ಕೆ ಸುರುಳಿಗಳನ್ನು ವರ್ಗಾಯಿಸಬೇಕು.

ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ ಹೆಡ್ಡಿನ ಓರೆ ಸರಿಪಡಿಸುವುದು. ಬೇರೆ ಯಂತ್ರದಲ್ಲಿ ಧ್ವನಿಮುದ್ರಿಸಿದ ಟೇಪು ನಿಮ್ಮ ಯಂತ್ರದಲ್ಲಿ ಕಂಬಳಿಯೊಳಗಿಂದ ಕೇಳಿದಂತಿದ್ದರೆ ಕಾರಣ ಸಾಮಾನ್ಯವಾಗಿ ಇದೇ. ಹೆಡ್ಡಿನ ಎರಡು ಪಕ್ಕದ ಸ್ಕ್ರೂಗಳಲ್ಲಿ ಸ್ಪ್ರಿಂಗ್ ಇರುವುದನ್ನು ಗುರುತಿಸಿ, ಈಗಿನ ಸ್ಥಾನಕ್ಕೊಂದು ಗೆರೆ ಹಾಕಿ. ಟೇಪು ಓಡುತ್ತಿರುವಾಗಲೇ ಸಣ್ಣ ಸ್ಕ್ರೂಡ್ರೈವರಿನಿಂದ ಕೂದಲೆಳೆಯಷ್ಟು ತಿರುಗಿಸಿ, ಕಾಲು ಸುತ್ತು ದಾಟಬಾರದು. ಎರಡೂ ಚಾನೆಲ್ ಕೂಡಿಸಿ ಮೊನೊದಲ್ಲಿ ಕೇಳಿ. ಹಾಡುವವರ ‘ಸ’, ‘ಶ’ ಅಕ್ಷರಗಳು, ತಾಳದ ಕಿಣಿಕಿಣಿ ಥಟ್ಟನೆ ತೆರೆದುಕೊಳ್ಳುವ ಜಾಗದಲ್ಲಿ ನಿಲ್ಲಿಸಿ. ಈ ಒಂದು ತಿರುವು ಕೊಡುವಷ್ಟು ಸ್ಪಷ್ಟತೆಯನ್ನು ಆಮೇಲೆ ಯಾವ ತಂತ್ರಾಂಶವೂ ಕೊಡಲಾರದು.

ಇಳಿಸುವ ಮುಂಚೆ ಕ್ಯಾಸೆಟ್ಟಿನ ಮೇಲಂಚಿನ ಎರಡೂ ಪ್ಲಾಸ್ಟಿಕ್ ಹಲ್ಲು ಮುರಿಯಿರಿ, ಕೈತಪ್ಪಿ ಅಳಿಸಿಹೋಗುವುದಿಲ್ಲ. ಒಮ್ಮೆ ಪೂರ್ತಿ ಮುಂದಕ್ಕೂ ಹಿಂದಕ್ಕೂ ಓಡಿಸಿದರೆ ಅಂಟಿಕೊಂಡ ಸುತ್ತುಗಳು ಬಿಡಿಸಿಕೊಳ್ಳುತ್ತವೆ. ಅಡಾಸಿಟಿಯಲ್ಲಿ ಸ್ಟೀರಿಯೊ, 44,100 ಹರ್ಟ್ಸ್ ಆರಿಸಿ. ಅತಿ ಜೋರು ಭಾಗವೂ ಅದರ ಮೀಟರಿನಲ್ಲಿ -6 ಡೆಸಿಬೆಲ್ ದಾಟದಿರಲಿ. ಒಡೆದ ದನಿಯನ್ನು ಮತ್ತೆ ಜೋಡಿಸಲಾಗದು. 60 ನಿಮಿಷದ ಕ್ಯಾಸೆಟ್ಟಿಗೆ 60 ನಿಮಿಷವೇ ಬೇಕು. ದನಿಯನ್ನು ಕುಗ್ಗಿಸದೆ ಇಡುವ 16 ಬಿಟ್ ವೇವ್ (WAV) ಕಡತ ಸುಮಾರು 600 ಎಂಬಿ ಆಗುತ್ತದೆ.

‘ಸುಸ್’ ಸದ್ದು ತೆಗೆಯುವುದಿದ್ದರೆ ನಕಲಿನಲ್ಲಿ ತೆಗೆಯಿರಿ, ಮೂಲ ಕಡತ ಮುಟ್ಟಬೇಡಿ. ಅತಿಯಾದರೆ ದನಿ ನೀರಿನೊಳಗಿಂದ ಬಂದಂತಾಗುತ್ತದೆ. ನೆಂಟರಿಗೆ ಕಳಿಸಲು ಎಂಪಿ3 ಸಾಕು. ಕಡತದ ಹೆಸರಲ್ಲೇ ಹಾಡಿದವರು, ಊರು, ವರ್ಷ ಬರೆಯಿರಿ. ಎರಡು ಪ್ರತಿ ಮಾಡಿ ಒಂದನ್ನು ಬೇರೆ ಮನೆಯಲ್ಲಿಡಿ. ಕ್ಯಾಸೆಟ್ಟನ್ನು ಎಸೆಯದೆ, ಪೂರ್ತಿ ಒಂದು ಕಡೆಗೆ ಸುತ್ತಿ, ಸ್ಪೀಕರಿನಿಂದ ದೂರ ನೆಟ್ಟಗೆ ನಿಲ್ಲಿಸಿಡಿ.