ಮನೆಯ ವಲಸೆಯನ್ನು ಕೌದಿಯಾಗಿ ಹೊಲಿಯುವ ಬಗೆ

ತಂದೆ ಧಾರವಾಡದ ಕಡೆಯವರು, ತಾಯಿ ಸಾತಾರೆಯವರು, ಮಕ್ಕಳು ಡೊಂಬಿವಲಿಯಲ್ಲಿ ಹುಟ್ಟಿದವರು ಎಂಬಂಥ ಮನೆಗಳು ಮುಂಬೈ ಕನ್ನಡಿಗರಿಗೆ ಹೊಸತಲ್ಲ. ‘ನಿಮ್ಮ ಊರು ಯಾವುದು?’ ಎಂಬ ಪ್ರಶ್ನೆಗೆ ಒಂದೇ ಹೆಸರು ಹೇಳಲಾಗದವರು ಉತ್ತರವನ್ನು ಬಟ್ಟೆಯಲ್ಲಿ ಹುಡುಕಬಹುದು. ನಮ್ಮ ಕೌದಿಯೂ ಮರಾಠಿಯವರ ಗೋಧಡಿಯೂ ಹಳೆಯ ಬಟ್ಟೆಗಳನ್ನು ಪದರವಾಗಿ ಹಾಸಿ ಹೊಲಿದವುಗಳೇ ಆದುದರಿಂದ, ಎರಡೂ ಕಡೆಯ ಅಜ್ಜಿಯರಿಗೆ ಈ ಕೆಲಸದ ಪರಿಚಯವಿರುವ ಸಂಭವ ಹೆಚ್ಚು.

ಮೊದಲು ಬಟ್ಟೆ ಕೂಡಿಸಬೇಕು: ಇಳಕಲ್ ಸೀರೆಯ ಸೆರಗು, ಒಂಬತ್ತು ಗಜದ ಮರಾಠಿ ಸೀರೆ ನವವಾರಿಯ ಅಂಚು, ಹೋಟೆಲಿನಲ್ಲಿ ದುಡಿದ ದೊಡ್ಡಪ್ಪನ ಪಂಚೆ. ಕತ್ತರಿ ಹಾಕುವ ಮುನ್ನ ಉಟ್ಟವರನ್ನು ಕೇಳಿ, ಅವರು ಎಲ್ಲಿಂದ, ಯಾವ ವರ್ಷ ಬಂದರೆಂದು ಬರೆದಿಡಿ. ವರ್ಷ ಮುಖ್ಯ. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಮುಂಬೈ ರಾಜ್ಯದಲ್ಲೇ ಇದ್ದುದರಿಂದ, ಅದಕ್ಕೂ ಮೊದಲು ಧಾರವಾಡದಿಂದ ಬಂದ ಅಜ್ಜ ರಾಜ್ಯದ ಗಡಿಯನ್ನೇ ದಾಟಿರಲಿಲ್ಲ. ಅವರ ಪಂಚೆಗೂ ಸಾತಾರೆಯ ಸೀರೆಗೂ ನಡುವೆ ಗಡಿಯೆಂದು ಕೆಂಪು ದಾರದ ಗೆರೆ ಎಳೆದರೆ ಅದು ಸುಳ್ಳಾಗುತ್ತದೆ. (ಭೂಪಟ ಹೊಲಿಯುವ ಆಸೆಯನ್ನೂ ಬಿಡುವುದು ಒಳ್ಳೆಯದು, ಅದು ಶಾಲೆಯ ಪ್ರದರ್ಶನದಂತೆ ಕಾಣುತ್ತದೆ.)

ಬಣ್ಣ ಬಿಡುವ ಬಟ್ಟೆಗಳನ್ನು ಬೇರೆಯಾಗಿ ಒಗೆದು ಒಣಗಿಸಿ. ಜೀರ್ಣವಾದ ರೇಷ್ಮೆಯ ಹಿಂದೆ ಮಲ್ಮಲ್ ತುಂಡು ಕೊಡಿ. ತಳಕ್ಕೆ ಸುಮಾರು 3 ಅಡಿ ಅಗಲ, 4 ಅಡಿ ಉದ್ದದ ಹತ್ತಿ ಸೀರೆ ಸಾಕು. ಹೊಲಿದಂತೆ ಬಟ್ಟೆ ಕುಗ್ಗುವುದರಿಂದ ಸುತ್ತಲೂ 2 ಅಂಗುಲ ಹೆಚ್ಚು ಬಿಡಿ.

ಹೊಲಿಗೆಯ ಕ್ರಮವನ್ನು ಯಲ್ಲಾಪುರ, ಹಳಿಯಾಳದ ಕಾಡಂಚಿನ ಸಿದ್ದಿ ಮಹಿಳೆಯರಿಂದ ಕಲಿಯಬೇಕು. ಪೋರ್ಚುಗೀಸರು ಆಫ್ರಿಕದಿಂದ ಗೋವೆಗೆ ಗುಲಾಮರನ್ನಾಗಿ ತಂದವರ ಸಂತತಿಯವರು ಸಿದ್ದಿಗಳಲ್ಲಿದ್ದಾರೆ. ಅವರ ಕೌದಿಯ ಹೊಲಿಗೆ ಒಂದು ಮೂಲೆಯಿಂದ ಹೊರಟು, ಅಂಚನ್ನು ಸುತ್ತುತ್ತ ನಡುವಿಗೆ ಬರುತ್ತದೆ. ಆದ್ದರಿಂದ ವಿನ್ಯಾಸವನ್ನು ಮೊದಲೇ ಕಾಗದದಲ್ಲಿ ಬರೆಯದೆ, ಅಂಚನ್ನು ಅರ್ಧ ಅಂಗುಲ ಒಳಮಡಿಸಿದ ಒಂದು ತುಂಡಿನ ಮೇಲೆ ಮುಂದಿನದು ತುಸು ಏರುವಂತೆ ಇಟ್ಟು, ಎರಡರ ಮೇಲೂ ಒಂದೇ ದಾರದಲ್ಲಿ, ಬೆರಳಗಲದ ಸಾಲುಗಳಾಗಿ ಕಚ್ಚಾ ಹೊಲಿಗೆ ಹಾಕುತ್ತ ಹೋಗಿ. ಕನ್ನಡದ ಪಾಲು ಒಂದು ಬದಿಗೆ, ಮರಾಠಿಯದು ಇನ್ನೊಂದು ಬದಿಗೆ ಎಂದು ಹಂಚಿದಿರೋ, ಕೌದಿ ಆಸ್ತಿಪತ್ರವಾಗುತ್ತದೆ.

ಕೊನೆಗೆ ನಾಲ್ಕು ಮೂಲೆಗಳಿಗೆ ತ್ರಿಕೋನವಾಗಿ ಮಡಿಸಿದ ತುಂಡುಗಳ ‘ಫೂಲ’ ಹೊಲಿಯಬೇಕು. ಅದಿಲ್ಲದ ಕೌದಿಯನ್ನು ಸಿದ್ದಿಗಳು ಪೂರ್ಣವೆಂದು ಎಣಿಸುವುದಿಲ್ಲ. ಮೂರು ಮೂಲೆಗಳಿಗೆ ಹಿರಿಯರ ಬಟ್ಟೆ ಬಳಸಿ, ನಾಲ್ಕನೆಯದಕ್ಕೆ ಮಕ್ಕಳ ಶಾಲಾ ಸಮವಸ್ತ್ರದ ತುಂಡನ್ನು ಅವರ ಕೈಯಿಂದಲೇ ಹೊಲಿಸಿ.