ಪುಣೆಗೆ ಹೊಸದಾಗಿ ಬಂದ ಕನ್ನಡದ ಬಿಯರ್ ಪ್ರಿಯರಿಗೆ

ಕ್ರಾಫ್ಟ್ ಬಿಯರ್, ಅಂದರೆ ಸಣ್ಣ ಪ್ರಮಾಣದಲ್ಲಿ ಮಾಡುವ ತಾಜಾ ಬಿಯರ್, ಬೆಂಗಳೂರಿನದೇ ಎಂಬ ಜಂಬವನ್ನು ಪುಣೆ ದಾರಿಯ ಖಂಬಾಟ್ಕಿ ಘಾಟಿನ ಆಚೆಗೇ ಬಿಟ್ಟು ಬನ್ನಿ. ಬಿಯರನ್ನು ಅಲ್ಲೇ ತಯಾರಿಸಿ ಕೊಡುವ ಡೂಲಾಲಿ ಎಂಬ ಬ್ರೂವರಿ ಪುಣೆಯಲ್ಲಿ ಶುರುವಾದದ್ದು 2009ರಲ್ಲಿ. ಅಂಥದ್ದೇ ಆದ ನಮ್ಮ ಬೆಂಗಳೂರು ಇಂದಿರಾನಗರದ ಟಾಯಿಟ್ ಬಂದದ್ದು ಅದಾದ ಮೇಲೆ. ಆದರೂ ನಮ್ಮವರು ಇಲ್ಲಿ ವರ್ಷಗಟ್ಟಲೆ ಇದ್ದು ಕಲ್ಯಾಣಿನಗರದಲ್ಲಿರುವ ಅದೇ ಟಾಯಿಟ್‌ನ ಶಾಖೆಯಲ್ಲೇ ಠಿಕಾಣಿ ಹೂಡುತ್ತಾರೆ. ಊರಿನ ನೆನಪಿಗೆ ಒಮ್ಮೆ ಹೋಗಿ, ಬೇಡ ಅನ್ನುವುದಿಲ್ಲ. ಆಮೇಲೆ ಮುಂಢ್ವಾ, ಕೋರೆಗಾಂವ್ ಪಾರ್ಕ್, ಬಾಣೇರ್ ಕಡೆ ಸಣ್ಣ ಜಾಗಗಳನ್ನು ಹುಡುಕಿ. ಹಿಂಜವಡಿಯಲ್ಲಿ ಮನೆ ಮಾಡಿದವರು ಬಾಣೇರ್-ಬಾಲೇವಾಡಿ ದಾಟಬೇಡಿ. ಶುಕ್ರವಾರ ಸಂಜೆಯ ಟ್ರಾಫಿಕ್‌ನಲ್ಲಿ ಊರಿನ ಇನ್ನೊಂದು ತುದಿಯ ಮುಂಢ್ವಾ ತಲುಪುವಷ್ಟರಲ್ಲಿ ಕುಡಿಯುವ ಹುಮ್ಮಸ್ಸೇ ಇಳಿದಿರುತ್ತದೆ.

‘ಪರ್ಮಿಟ್ ರೂಮ್’ ಬೋರ್ಡು ಕಂಡರೆ ಅದು ಮಾಮೂಲಿ ಬಾರು. ಬಿಯರ್ ಶಾಪಿಯಲ್ಲಿ ಸಿಗುವುದು ಬಾಟಲಿ, ಕ್ಯಾನು. ತಾಜಾ ಬಿಯರ್ ಬೇಕಿದ್ದರೆ ಸ್ಟೀಲ್ ಟ್ಯಾಂಕ್ ಇಟ್ಟು ಅಲ್ಲೇ ತಯಾರಿಸುವ ಜಾಗವೋ, ಸ್ಥಳೀಯ ಬ್ರೂವರಿಯಿಂದ ಕೆಗ್ (ಬಿಯರ್ ಪೀಪಾಯಿ) ತರಿಸಿ ನಲ್ಲಿಯಿಂದ ಕೊಡುವ ಟ್ಯಾಪ್‌ರೂಮೋ ಆಗಬೇಕು. ಕಾಗದಪತ್ರ: ಬಿಯರ್‌ಗೆ 21 ವಯಸ್ಸು, ವಿಸ್ಕಿ-ರಮ್‌ನಂಥ ಹಾರ್ಡ್‌ಗೆ 25; ಕುಡಿಯುವ ಪರವಾನಗಿ ದಿನಕ್ಕೆ 5 ರೂಪಾಯಿ, ಆಜೀವಕ್ಕೆ 1000. ಆಜೀವದ್ದೇ ಮಾಡಿಸಿಬಿಡಿ. ಆಷಾಢಿ ಏಕಾದಶಿಗೆ ಡ್ರೈ ಡೇ. ನಮ್ಮ ವಿಠ್ಠಲನೇ ತಾನೆ, ಗೊಣಗಬೇಡಿ.

ಕೂತ ಕೂಡಲೇ ಪಿಚರ್ (ದೊಡ್ಡ ಜಗ್) ಹೇಳುವುದು ನಮ್ಮವರ ಹಳೇ ಚಾಳಿ. ಹರಟೆ ಮುಗಿಯುವಷ್ಟರಲ್ಲಿ ಅರ್ಧ ಪಿಚರ್ ಬಿಸಿಯಾಗಿ, ಗ್ಯಾಸ್ ಹೋಗಿ ಸಪ್ಪೆಯಾಗಿರುತ್ತದೆ. ಬದಲು ಸ್ಯಾಂಪ್ಲರ್ ಹೇಳಿ, ಬೇರೆ ಬೇರೆ ಬಿಯರ್ ಸಣ್ಣ ಗ್ಲಾಸುಗಳಲ್ಲಿ ಬರುತ್ತವೆ. ತಿಳಿ ಬಣ್ಣದ್ದರಿಂದ ಕಪ್ಪಿನ ಕಡೆಗೆ ಕುಡಿಯುತ್ತಾ ಹೋಗಿ, ಐಪಿಎ ಎಂಬ ಕಹಿ ಬಿಯರ್ ಕೊನೆಗಿರಲಿ. ಅದನ್ನು ಮೊದಲು ಕುಡಿದರೆ ನಾಲಿಗೆಗೆ ಉಳಿದವು ನೀರು.

ಜಾಗ ಹೇಗಿದೆ ಎಂದು ಅಳೆಯಲು ಮಾವಿನಹಣ್ಣಿನ ಬಿಯರ್ ಬೇಡ, ಹಣ್ಣು ಎಲ್ಲವನ್ನೂ ಮುಚ್ಚಿಹಾಕುತ್ತದೆ. ಹೆಫೆವೈಜನ್ ಸಾಕು. ಅದು ಸೋಸದ ಗೋಧಿ ಬಿಯರ್, ಮಬ್ಬಾಗಿರುವುದೇ ಸರಿ. ಮೂಗಿಗೆ ಬಾಳೆಹಣ್ಣು, ಲವಂಗ ಬರಬೇಕು. ಅದು ಯೀಸ್ಟ್ ಕೊಡುವ ವಾಸನೆ, ಯಾರೂ ಹಣ್ಣು ಹಾಕಿರುವುದಿಲ್ಲ. ಬೆಣ್ಣೆ ಹಾಕಿದ ಪಾಪ್‌ಕಾರ್ನ್ ವಾಸನೆ ಬಂದರೆ ಸಾಮಾನ್ಯವಾಗಿ ಹುದುಗಲು ಪೂರ್ತಿ ಸಮಯ ಕೊಡದೆ ಟ್ಯಾಂಕ್ ಖಾಲಿ ಮಾಡಿದ್ದಾರೆ. ವಿನೆಗರ್ ಹುಳಿ ಇದ್ದರೆ ಟ್ಯಾಪಿನ ಪೈಪ್ ಮೇಲೆ ಅನುಮಾನಪಡಿ, ಅದನ್ನು ಎರಡು ವಾರಕ್ಕೊಮ್ಮೆಯಾದರೂ ತೊಳೆಯಬೇಕು. ಗ್ಲಾಸಿನ ಒಳಗೋಡೆಗೆ ಗುಳ್ಳೆ ಅಂಟಿಕೊಂಡಿದ್ದರೆ ಗ್ಲಾಸಿಗೆ ಜಿಡ್ಡಿದೆ, ಬೇರೆ ಕೇಳಿ. ಫ್ರೀಜರ್‌ನಿಂದ ತೆಗೆದ ಗ್ಲಾಸ್ ಬೇಡವೇ ಬೇಡ; ಆ ಚಳಿಗೆ ವಾಸನೆ ಏಳುವುದಿಲ್ಲ. ಇಷ್ಟು ಹಿಡಿದು ಕೇಳಿದರೆ, ವಾರದ ದಿನವಾದರೆ, ಎಷ್ಟೋ ಕಡೆ ಬಿಯರ್ ಮಾಡುವ ಬ್ರೂವರೇ ಟೇಬಲ್ ಹತ್ತಿರ ಬರುತ್ತಾರೆ. ಈ ಊರಿನಲ್ಲಿ ಪರಿಚಯ ಬೆಳೆಯುವುದು ಹಾಗೆ, ಕನ್ನಡದವರ ಟೇಬಲ್ಲಿಗೇ ಅಂಟಿ ಕೂತರೆ ಅಲ್ಲ.

ಕಾಂಗ್ರೆಸ್ ಕಡ್ಲೆಬೀಜ ಕೇಳಬೇಡಿ, ಮಸಾಲಾ ಪಾಪಡ್ ಬರುತ್ತದೆ. ಖಾರದ ಚಿಕನ್ ಜೊತೆ ಐಪಿಎ ಕುಡಿದರೆ ಕಹಿ ಸೇರಿ ಬಾಯುರಿ ಜಾಸ್ತಿಯಾಗುತ್ತದೆ; ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ಹಾಕಿದ ಬೆಲ್ಜಿಯನ್ ವಿಟ್ ಎಂಬ ಗೋಧಿ ಬಿಯರ್ ಹೊಂದುತ್ತದೆ. ಮಕ್ಕಳಿದ್ದರೆ ಭಾನುವಾರ ಮಧ್ಯಾಹ್ನ, ಮೊದಲೇ ಫೋನ್ ಮಾಡಿ. ಇಲ್ಲಿ ಹುಟ್ಟಿದ ಮಕ್ಕಳು ವೇಟರ್ ಹತ್ತಿರ ನಮಗಿಂತ ಸೊಗಸಾಗಿ ಮರಾಠಿ ಮಾತಾಡಿ, ನಮಗೆ ಮಾತ್ರ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತವೆ. ಅದಕ್ಕೆ ಯಾವ ಬಿಯರ್ ಸರಿಹೊಂದುತ್ತದೋ ಕಾಣೆ.

ಗಾಡಿ ತರಬೇಡಿ. ರಕ್ತದ 100 ಮಿಲಿಗೆ 30 ಮಿಲಿಗ್ರಾಂ ದಾಟಿದರೆ ಕೇಸು.

ಕೆಲವು ಕಡೆ ಮನೆಗೆ ಒಯ್ಯಲು ಗ್ರೌಲರ್ ಎಂಬ ದೊಡ್ಡ ಬಾಟಲಿಯಲ್ಲಿ ತುಂಬಿಸಿ ಕೊಡುತ್ತಾರೆ. ಫ್ರಿಜ್‌ನಲ್ಲಿ ನೆಟ್ಟಗೆ ನಿಲ್ಲಿಸಿ, ಎರಡು-ಮೂರು ದಿನದಲ್ಲಿ ಮುಗಿಸಿ. ಮುಚ್ಚಳ ತೆಗೆದರೆ ಅಂದೇ. ರಾತ್ರಿ ಬಸ್ಸಿನಲ್ಲಿ ಬೆಳಗಾವಿಗೆ ಒಯ್ಯುವ ಯೋಚನೆ ಬಿಡಿ. ನಿಪ್ಪಾಣಿ ಗಡಿಯಲ್ಲಿ ತಪಾಸಣೆಗೆ ಸಿಕ್ಕರೆ ಫಜೀತಿ, ಸಿಗದಿದ್ದರೂ ಬೆಳಗ್ಗೆಗೆ ಅದು ಬಿಸಿಯಾಗಿ ಕೆಟ್ಟಿರುತ್ತದೆ. ಊರಿನ ದೋಸ್ತನಿಗೆ ರುಚಿ ತೋರಿಸಬೇಕಿದ್ದರೆ ಅವನನ್ನೇ ಕರೆಸಿಕೊಳ್ಳಿ, ಗದ್ದಲದ ಶನಿವಾರ ಬಿಟ್ಟು.