ಆರಾಧನೆ ಮುಗಿದ ಮೇಲೊಂದು ಮೇಜು: ಚರ್ಚಿನಲ್ಲಿ ಹಕ್ಕು ನೆರವು ಕೇಂದ್ರ ನಡೆಸುವ ಬಗೆ

ಕ್ರಿಸ್ಮಸ್ ಬಂತೆಂದರೆ ಅಕ್ಕಿ, ಸೀರೆ, ಕಂಬಳಿ ಹಂಚದ ಕ್ರೈಸ್ತ ಸಭೆ ಕರ್ನಾಟಕದಲ್ಲಿ ಅಪರೂಪ. ಹಂಚಲಿ, ತಪ್ಪಿಲ್ಲ. ಆದರೆ ಕಂಬಳಿ ಹೊದ್ದು ಹೋದ ಅಜ್ಜಿಗೆ ಆರು ತಿಂಗಳಿಂದ ಪಿಂಚಣಿ ನಿಂತಿದೆ ಎಂಬುದು ಹಂಚಿದವರಿಗೆ ಗೊತ್ತೇ ಇರುವುದಿಲ್ಲ. ಯಾರಾದರೂ ಕೇಳಿದ್ದರೆ ತಾನೇ? ಆ ಪಿಂಚಣಿ ಆಕೆಗೆ ಸಲ್ಲಬೇಕಾದ ಹಣ. ಅದನ್ನು ಕೊಡಿಸಲು ದೊಡ್ಡ ನಿಧಿಯೇನೂ ಬೇಡ. ಒಂದು ಮೇಜು, ಓದುಬರಹ ಬಲ್ಲ ನಾಲ್ಕೈದು ಜನ, ತಾಲ್ಲೂಕು ಕಚೇರಿಗೆ ಮತ್ತೆ ಮತ್ತೆ ಹೋಗಿಬರುವ ತಾಳ್ಮೆ, ಇಷ್ಟಿದ್ದರೆ ಸಾಕು.

ಯೆರೂಸಲೇಮಿನ ಮೊದಲ ಸಭೆಯಲ್ಲೂ ಇಂಥ ದೂರು ಎದ್ದಿತ್ತು. ದಿನನಿತ್ಯದ ಹಂಚಿಕೆಯಲ್ಲಿ ಗ್ರೀಕ್ ಭಾಷೆಯ ವಿಧವೆಯರಿಗೆ ಸರಿಯಾಗಿ ಸಿಗುತ್ತಿಲ್ಲ ಎಂದು ಅವರ ಕಡೆಯವರು ಗೊಣಗಿದರು. ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯದಲ್ಲಿ ಆ ಕೆಲಸಕ್ಕೆಂದೇ ಏಳು ಜನರನ್ನು ಆರಿಸಿದ್ದು ಹೀಗೆ. ಆ ಏಳೂ ಹೆಸರು ಗ್ರೀಕ್ ಹೆಸರು ಎಂಬುದನ್ನು ಗಮನಿಸಿ: ಯಾರಿಗೆ ಅನ್ಯಾಯವಾಗಿತ್ತೋ ಅವರ ಕಡೆಯವರ ಕೈಗೇ ಹಂಚಿಕೆ ಹೋಯಿತು. ನಿಮ್ಮ ತಂಡವನ್ನು ಆರಿಸುವಾಗಲೂ ಇದೇ ಲೆಕ್ಕ ಇರಲಿ.

ಮೊದಲು ಚರ್ಚಿನದೇ ಸಂಬಳದ ಪುಸ್ತಕ

ಊರಿನ ನ್ಯಾಯ ಕೇಳಲು ಹೊರಡುವ ಮುಂಚೆ ಕಮಿಟಿಯ ಖರ್ಚಿನ ಪುಸ್ತಕ ತೆರೆಯಿರಿ. ಚರ್ಚು ಗುಡಿಸುವವರು, ಗಂಟೆ ಹೊಡೆಯುವವರು, ಕಾವಲುಗಾರರು, ಸಮಾಧಿ ತೋಡುವವರು ಇದ್ದಾರಲ್ಲ, ಅವರಿಗೆ ಸರ್ಕಾರ ನಿಗದಿ ಮಾಡಿದ ಕನಿಷ್ಠ ವೇತನ ಸಿಗುತ್ತಿದೆಯೇ? ಸಂಬಳ ಬ್ಯಾಂಕಿಗೆ ಹೋಗುತ್ತದೆಯೋ, ಲೆಕ್ಕವಿಲ್ಲದ ಕವರಿನಲ್ಲೋ? ಭಾನುವಾರ ಎಲ್ಲರಿಗೂ ವಿಶ್ರಾಂತಿ, ಇವರಿಗೆ ಮಾತ್ರ ಬೆಳಗಿನ ಜಾವದಿಂದ ದುಡಿಮೆ. ಅದಕ್ಕೆ ಬದಲಾಗಿ ವಾರದಲ್ಲಿ ಇನ್ನೊಂದು ದಿನ ರಜೆ ಎಂದು ಬರೆದಿಟ್ಟಿದೆಯೇ? ‘ಅವರು ಸೇವೆ ಅಂತ ಮಾಡ್ತಾರೆ’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಆಗ ಯಾಕೋಬನ ಪತ್ರಿಕೆ 5:4 ಓದಿಸಿ. ಕೊಡದೆ ಹಿಡಿದಿಟ್ಟ ಕೂಲಿಯೇ ಕೂಗಿಕೊಳ್ಳುತ್ತದೆ ಎಂಬ ಮಾತು ಅಲ್ಲಿದೆ.

ಶೌಚಗುಂಡಿಯ ವಿಷಯವನ್ನೂ ಕಮಿಟಿ ಕೂಡಿದ ಅದೇ ದಿನ ತೀರ್ಮಾನಿಸಿ. ಚರ್ಚು, ಅದರ ಶಾಲೆ, ಹಾಸ್ಟೆಲು, ಯಾವುದೇ ಇರಲಿ, ಗುಂಡಿ ತುಂಬಿದಾಗ ಸಕ್ಕಿಂಗ್ ಯಂತ್ರದ ಲಾರಿಯನ್ನಷ್ಟೇ ಕರೆಸಬೇಕು. ಎಡವಟ್ಟಾಗುವುದು ಕೊನೆಯ ಗಳಿಗೆಯಲ್ಲಿ: ತಳದಲ್ಲಿ ಗಟ್ಟಿಯಾದದ್ದು ಉಳಿದಿರುತ್ತದೆ, ‘ಐದು ನಿಮಿಷ ಇಳಿದು ತೆಗೀತಾನೆ’ ಎನ್ನುತ್ತಾರೆ. ಕಲಕಿದ ಕೂಡಲೇ ಏಳುವ ವಿಷಾನಿಲಕ್ಕೆ ಐದು ನಿಮಿಷವೂ ಬೇಡ. ಹೀಗೆ ಇಳಿಸುವುದು 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆಯ ಪ್ರಕಾರ ಅಪರಾಧ. ಇಂಥ ಸಾವಿಗೆ 30 ಲಕ್ಷ ರೂಪಾಯಿ ಪರಿಹಾರ ಎಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ ಹೇಳಿದೆ. ಗಟ್ಟಿಯಾದದ್ದಕ್ಕೆ ನೀರು ಬಿಟ್ಟು, ಸಡಿಲವಾದ ಮೇಲೆ ಮತ್ತೆ ಲಾರಿ ಕರೆಸಿ. ಎರಡನೇ ಬಾಡಿಗೆಯನ್ನು ಕಮಿಟಿ ಮೊದಲೇ ಒಪ್ಪಿಕೊಂಡಿರಲಿ.

ಯಾರು ಬೇಕು, ಏನು ಬೇಕು

ಸಭಾಪಾಲಕರ ಅಥವಾ ಫಾದರ್ ಅವರ ಬಾಯಿಮಾತಿನ ಒಪ್ಪಿಗೆ ಸಾಲದು. ಕಮಿಟಿಯ ನಡಾವಳಿ ಪುಸ್ತಕದಲ್ಲಿ ನಾಲ್ಕು ಸಾಲಿನ ನಿರ್ಣಯ ಬರೆಸಿ: ಕೇಂದ್ರದ ಹೆಸರು, ಐದು ಜನರ ಹೆಸರು, ತಿಂಗಳಿಗೆ ಎಷ್ಟು ಖರ್ಚಿಗೆ ಅನುಮತಿ, ಎಷ್ಟು ತಿಂಗಳಿಗೊಮ್ಮೆ ವರದಿ. ಆರು ತಿಂಗಳ ಪ್ರಯೋಗ ಎಂದು ಬರೆದರೆ ಒಪ್ಪಿಗೆ ಸುಲಭವಾಗಿ ಸಿಗುತ್ತದೆ.

ಐವರಲ್ಲಿ ಕನಿಷ್ಠ ಇಬ್ಬರು ಹೆಂಗಸರಿರಲಿ. ಗಂಡನ ಹೊಡೆತದ ಮಾತು, ಮುಟ್ಟಿನ ಕಾಯಿಲೆಯ ಮಾತು ಗಂಡಸಿನ ಮುಂದೆ ಬರುವುದಿಲ್ಲ. ಒಬ್ಬರು ವಾರದ ದಿನಗಳಲ್ಲಿ ಬಿಡುವಾಗಿರುವವರು ಬೇಕೇ ಬೇಕು, ಏಕೆಂದರೆ ಮೇಜು ಭಾನುವಾರದ್ದಾದರೂ ಕಚೇರಿ ತೆರೆಯುವುದು ಸೋಮವಾರ. ನಿವೃತ್ತ ಗುಮಾಸ್ತರು, ಶಾಲಾ ಮೇಷ್ಟ್ರುಗಳು ಇದಕ್ಕೆ ಹೇಳಿ ಮಾಡಿಸಿದವರು. ಯುವಜನ ಸಂಘದಿಂದ ಫೋನು, ಅರ್ಜಿ ತಾಣಗಳು ಗೊತ್ತಿರುವ ಒಬ್ಬರು ಸಾಕು. ಚುನಾವಣೆಗೆ ನಿಲ್ಲುವ ಆಸೆಯುಳ್ಳವರನ್ನು ಮಾತ್ರ ದೂರವಿಡಿ.

ಸಾಮಾನು ಇಷ್ಟು: ಗೆರೆ ಎಳೆದ ದೊಡ್ಡ ರಿಜಿಸ್ಟರ್, ಕಾರ್ಬನ್ ಇರುವ ರಸೀದಿ ಪುಸ್ತಕ, ಹೆಬ್ಬೆಟ್ಟಿಗೆ ಸ್ಟ್ಯಾಂಪ್ ಪ್ಯಾಡ್, ಬಿಳಿ ಹಾಳೆ, ಮಾಹಿತಿ ಹಕ್ಕು ಅರ್ಜಿಯ ಶುಲ್ಕಕ್ಕೆ 10 ರೂಪಾಯಿಯ ಪೋಸ್ಟಲ್ ಆರ್ಡರ್ ಹತ್ತು, ನಾಲ್ಕು ಕುರ್ಚಿ. ಮೇಜನ್ನು ಬಾಗಿಲ ಎದುರಿಗೇ ಹಾಕಬೇಡಿ. ಎಲ್ಲರ ಕಣ್ಣೆದುರು ಕೂತು ಕಷ್ಟ ಹೇಳಿಕೊಳ್ಳಲು ಯಾರಿಗೂ ಮನಸ್ಸಾಗದು. ಅಂಗಳದ ಪಕ್ಕದ ಕೋಣೆ, ಬಾಗಿಲು ಅರ್ಧ ತೆರೆದಿರಲಿ.

ಶುರುವಿನ ಮೊದಲು ಮನೆ ಮನೆ ಕೇಳಿಬರುವ ಕೆಲಸ. ಮಂಗಳೂರು ಕಡೆಯ ಕಥೋಲಿಕ ಚರ್ಚುಗಳಲ್ಲಿ ವಾಳೆ (ಅಕ್ಕಪಕ್ಕದ ಮನೆಗಳ ಗುಂಪು), ಗುರಿಕಾರ (ಅದರ ಮುಂದಾಳು) ಎಂಬ ಏರ್ಪಾಡು ಇದ್ದೇ ಇದೆ, ಅದನ್ನೇ ಬಳಸಿ. ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಚರ್ಚುಗಳಲ್ಲಿ ಪ್ರಾರ್ಥನಾ ಕೂಟಗಳ ಮುಂದಾಳುಗಳು ಆಗಬಹುದು. ಹೋಗುವುದು ಇಬ್ಬಿಬ್ಬರಾಗಿ. 1833ರಲ್ಲಿ ಪ್ಯಾರಿಸಿನಲ್ಲಿ ಶುರುವಾದ ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರು ಇಂದಿಗೂ ಬಡವರ ಮನೆಗೆ ಜೋಡಿಯಾಗಿಯೇ ಹೋಗುವುದು. ಒಬ್ಬರು ಕೇಳುತ್ತಾರೆ, ಒಬ್ಬರು ಬರೆಯುತ್ತಾರೆ, ನಾಳೆ ಮಾತು ಬಂದರೆ ಸಾಕ್ಷಿಯೂ ಇರುತ್ತದೆ. ‘ನಿಮಗೇನು ಬೇಕು?’ ಎಂದು ಕೇಳಬೇಡಿ, ಪಟ್ಟಿ ಉದ್ದವಾಗುತ್ತದೆ. ‘ಯಾವ ಅರ್ಜಿ ಕೊಟ್ಟು ಕಾಯುತ್ತಿದ್ದೀರಿ? ಯಾವ ಹಣ ಬರುತ್ತಿದ್ದುದು ನಿಂತಿದೆ? ಯಾವ ಕೂಲಿ ಬಾಕಿ ಇದೆ?’ ಈ ಮೂರು ಪ್ರಶ್ನೆ ಸಾಕು.

ನೆರೆಹೊರೆಯ ಎಲ್ಲರಿಗೂ ಮೇಜು ತೆರೆದಿರಲಿ, ಧರ್ಮ ಯಾವುದೆಂದು ಕೇಳಬೇಡಿ, ರಿಜಿಸ್ಟರಿನಲ್ಲಿ ಧರ್ಮದ ಅಂಕಣವೇ ಬೇಡ. ಮೇಜಿನ ಮೇಲೆ ಕರಪತ್ರ ಇಡಬೇಡಿ, ಅರ್ಜಿ ಬರೆದುಕೊಟ್ಟು ‘ಮುಂದಿನ ವಾರ ಆರಾಧನೆಗೆ ಬನ್ನಿ’ ಎನ್ನಲೂ ಬೇಡಿ. ನೆರವಿಗೆ ಗಾಳ ಕಟ್ಟಿದರೆ ಅದು ನೆರವಾಗಿ ಉಳಿಯುವುದಿಲ್ಲ. ಮತಾಂತರಕ್ಕೆ ಆಮಿಷ ಒಡ್ಡಿದರೆಂಬ ಆರೋಪಕ್ಕೂ ಅದೇ ದಾರಿ.

ನಿಂತ ಪಿಂಚಣಿ

ಮೇಜಿಗೆ ಬರುವುದರಲ್ಲಿ ಇದೇ ಹೆಚ್ಚು: ಸಂಧ್ಯಾ ಸುರಕ್ಷಾ (ವೃದ್ಧರ ಪಿಂಚಣಿ), ವಿಧವಾ ವೇತನ, ಅಂಗವಿಕಲರ ವೇತನ, ಗೃಹಲಕ್ಷ್ಮಿ. ತಾಲ್ಲೂಕು ಕಚೇರಿಗೆ ಓಡುವ ಮುಂಚೆ ಹಣ ಬೇರೆ ಖಾತೆಗೆ ಹೋಗುತ್ತಿದೆಯೇ ನೋಡಿ. ಆಧಾರ್ ಮೂಲಕ ಬರುವ ಹಣ ಪಾಸ್‌ಬುಕ್ ತೋರಿಸಿದ ಖಾತೆಗೇ ಬರಬೇಕೆಂದಿಲ್ಲ. ಎನ್‌ಪಿಸಿಐ ಎಂಬ ರಾಷ್ಟ್ರೀಯ ಪಾವತಿ ಸಂಸ್ಥೆಯ ದಾಖಲೆಯಲ್ಲಿ ಕೊನೆಗೆ ಜೋಡಣೆಯಾದ ಬ್ಯಾಂಕಿಗೆ ಅದು ಬೀಳುತ್ತದೆ. ಸ್ವಸಹಾಯ ಸಂಘದ ಸಾಲಕ್ಕೆಂದು ಎರಡು ವರ್ಷದ ಹಿಂದೆ ಬೇರೆ ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತಿ ಖಾತೆ ತೆರೆದಿದ್ದರೆ, ತಿಂಗಳ ಹಣ ಅಲ್ಲಿ ಸುಮ್ಮನೆ ಬಿದ್ದಿರಬಹುದು. ಮೈ ಆಧಾರ್ ತಾಣದಲ್ಲಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ನೋಡಿದರೆ ಬ್ಯಾಂಕಿನ ಹೆಸರು ಬರುತ್ತದೆ. ಅದಕ್ಕೆ ಆಧಾರಿಗೆ ಜೋಡಿಸಿದ ಮೊಬೈಲು ಕೈಯಲ್ಲಿರಬೇಕು. ಮಗನ ನಂಬರ್ ಕೊಟ್ಟಿದ್ದು ಮಗ ಬೆಂಗಳೂರಿನಲ್ಲಿದ್ದರೆ ಅವನಿಗೇ ಫೋನು ಹಚ್ಚಿ.

ಬ್ಯಾಂಕು ಬದಲಿಸಬೇಕಾದರೆ ಬೇಕಾದ ಶಾಖೆಗೆ ಆಧಾರ್ ಪ್ರತಿ, ಪಾಸ್‌ಬುಕ್ ಪ್ರತಿಯೊಂದಿಗೆ ಹೋಗಿ ಸೀಡಿಂಗ್ ಒಪ್ಪಿಗೆಯ ನಮೂನೆ ತುಂಬಿ. ‘ಆಧಾರ್ ಆಗಲೇ ಲಿಂಕ್ ಆಗಿದೆ’ ಎಂದು ಕೌಂಟರಿನಲ್ಲಿ ಹೇಳಿಬಿಡುವುದುಂಟು. ಅದು ಖಾತೆಯ ಕೆವೈಸಿ (ಗುರುತಿನ ಪರಿಶೀಲನೆ) ಮಾತು, ಎನ್‌ಪಿಸಿಐ ಜೋಡಣೆ ಬೇರೆ. ಇದನ್ನು ಬಿಡಿಸಿ ಹೇಳಿ.

ಖಾತೆ ಸರಿಯಿದ್ದರೆ ಮಾತ್ರ ಪಿಂಚಣಿಯವರು ನಾಡಕಚೇರಿಯ ದಾರಿ ಹಿಡಿಯಲಿ. ಮನೆ ಬದಲಿಸಿದ್ದು, ಪರಿಶೀಲನೆಗೆ ಬಂದಾಗ ಸಿಗದೆ ಹೋದದ್ದು, ಹೆಸರಿನ ಅಕ್ಷರ ವ್ಯತ್ಯಾಸ, ಕೆಲವೊಮ್ಮೆ ಬದುಕಿರುವವರನ್ನೇ ಮೃತರೆಂದು ಬರೆದದ್ದು, ಇವೇ ಕಾರಣಗಳು. ಗ್ರಾಮ ಆಡಳಿತಾಧಿಕಾರಿಯ ಮುಂದೆ ಆ ವ್ಯಕ್ತಿಯನ್ನೇ ಕರೆದೊಯ್ದು ನಿಲ್ಲಿಸಿದರೆ ಅರ್ಧ ಕೆಲಸ ಆದಂತೆ.

ಕೊಳೆಯುತ್ತಿರುವ ಅರ್ಜಿ

ಸರ್ಕಾರಿ ಸೇವೆಯನ್ನು ಗಡುವಿನೊಳಗೆ ಕೊಡಿಸುವ ‘ಸಕಾಲ’ ಕಾಯ್ದೆಯಡಿ ಬರುವ ಸೇವೆಯಾದರೆ ಸ್ವೀಕೃತಿ ಚೀಟಿಯಲ್ಲಿ 15 ಅಂಕಿಯ ಸಂಖ್ಯೆ ಇರುತ್ತದೆ. ಅದನ್ನು ರಿಜಿಸ್ಟರಿಗೆ ಬರೆದುಕೊಳ್ಳದೆ ಯಾರನ್ನೂ ಮನೆಗೆ ಕಳಿಸಬೇಡಿ. ಗಡುವು ಮೀರಿದರೆ ಮೇಲ್ಮನವಿ ಹಾಕಬಹುದು. ತಡಕ್ಕೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರವೂ ಇದೆ. ಹಣ ಅಲ್ಪ, ಆದರೆ ಅದು ಅಧಿಕಾರಿಯ ಲೆಕ್ಕಕ್ಕೆ ಬರುವುದರಿಂದ ಕಡತ ಕದಲುತ್ತದೆ. ಚೀಟಿಯೇ ಕೊಡದೆ ‘ಇಟ್ಟು ಹೋಗಿ’ ಎಂದರೆ ಇಟ್ಟು ಬರಬೇಡಿ.

ಉಳಿದದ್ದಕ್ಕೆ ಮಾಹಿತಿ ಹಕ್ಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸುಮಾರು 150 ಪದದ ಮಿತಿ. ಶುಲ್ಕ 10 ರೂಪಾಯಿ. ಬಿಪಿಎಲ್ ಕಾರ್ಡಿನ ಪ್ರತಿ ಲಗತ್ತಿಸಿದರೆ ಅದೂ ಇಲ್ಲ. ‘ನನ್ನ ಅರ್ಜಿ ಏಕೆ ಇನ್ನೂ ಆಗಿಲ್ಲ?’ ಎಂದು ಬರೆದರೆ ಅದು ಮಾಹಿತಿಯಲ್ಲ ಎಂದು ತಳ್ಳಿಹಾಕುತ್ತಾರೆ. ಹೀಗೆ ಬರೆಯಿರಿ:

‘ಇಂಥ ದಿನಾಂಕದಂದು ಇಂಥ ಸಂಖ್ಯೆಯಲ್ಲಿ ಸಲ್ಲಿಸಿದ ಅರ್ಜಿಯ ಮೇಲೆ ಇದುವರೆಗೆ ಯಾವ ದಿನಾಂಕದಂದು, ಯಾವ ಹುದ್ದೆಯ ಅಧಿಕಾರಿ ಯಾವ ಕ್ರಮ ಕೈಗೊಂಡಿದ್ದಾರೆ ಎಂಬ ವಿವರ, ಹಾಗೂ ಸದರಿ ಕಡತದ ಟಿಪ್ಪಣಿ ಹಾಳೆಗಳ ದೃಢೀಕೃತ ಪ್ರತಿಗಳನ್ನು ಒದಗಿಸಲು ಕೋರಿಕೆ.’

30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಅರ್ಜಿ ಮೇಜಿಗೆ ಬಂದವರ ಹೆಸರಿನಲ್ಲೇ ಹೋಗಲಿ, ಚರ್ಚಿನ ಲೆಟರ್‌ಹೆಡ್ಡಿನಲ್ಲಿ ಬೇಡ. ಅದು ಪ್ರಜೆಯ ಹಕ್ಕು, ಸಂಸ್ಥೆಯ ಶಿಫಾರಸಲ್ಲ.

ಕೂಲಿ, ಜಾತಿ ಪತ್ರ

ಕಟ್ಟಡ ಕೆಲಸದವರು 18ರಿಂದ 60 ವಯಸ್ಸಿನವರಾಗಿದ್ದು, ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದಿದ್ದರೆ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬಹುದು. ತೊಡಕಾಗುವುದು 90 ದಿನದ ಪ್ರಮಾಣಪತ್ರದಲ್ಲಿ. ಮೇಸ್ತ್ರಿ ಸಹಿ ಹಾಕಲು ಹೆದರುತ್ತಾನೆ. ಸುಳ್ಳು ಸಹಿ ಮಾತ್ರ ಮಾಡಿಸಬೇಡಿ, ಕಟ್ಟಡ ಕೆಲಸ ಮಾಡದವರ ಕಾರ್ಡುಗಳಿಂದಲೇ ನಿಜವಾದವರ ಅರ್ಜಿಗೂ ಅನುಮಾನ ಹತ್ತಿರುವುದು. ಕೂಲಿ ಬಾಕಿಯ ದೂರಿಗೆ ಮೇಸ್ತ್ರಿಯ ಹೆಸರು, ಫೋನು, ಸೈಟಿನ ವಿಳಾಸ, ದಿನದ ದರ, ಎಷ್ಟು ದಿನ, ಫೋನಿನಲ್ಲಿ ಬಂದ ಮುಂಗಡದ ಚಿತ್ರ ಇವಿಷ್ಟನ್ನು ಹಾಳೆಗಿಳಿಸಿ ಕಾರ್ಮಿಕ ನಿರೀಕ್ಷಕರಿಗೆ ಕೊಡಿ, ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ. ಕೋರ್ಟಿನ ಮಾತು ಬಂದರೆ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ಹೆಂಗಸರಿಗೆ, ಪರಿಶಿಷ್ಟರಿಗೆ ಆದಾಯ ಎಷ್ಟೇ ಇದ್ದರೂ ವಕೀಲರು ಉಚಿತ. ಸಹಾಯವಾಣಿ 15100.

ಜಾತಿ ಪತ್ರದಲ್ಲಿ ಎಚ್ಚರ ಬೇಕು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿ ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ ಜಾಗ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಹಿಂದುಳಿದ ವರ್ಗಗಳ ಪಟ್ಟಿಯ ಪ್ರವರ್ಗ 1ರಲ್ಲಿ ಬರುತ್ತಾರೆ, ಉಳಿದ ಕ್ರೈಸ್ತರು 3ಬಿಯಲ್ಲಿ. ಅನೇಕ ದಲಿತ ಕ್ರೈಸ್ತ ಮನೆಗಳ ಮಕ್ಕಳು ಇದು ತಿಳಿಯದೆ 3ಬಿ ಪತ್ರ ಪಡೆದು ಸೌಲಭ್ಯ ಕಳೆದುಕೊಂಡಿರುತ್ತಾರೆ. ತಂದೆಯ, ಅಜ್ಜನ ಶಾಲಾ ದಾಖಲೆ, ದೀಕ್ಷಾಸ್ನಾನದ ದಾಖಲೆ ಕೂಡಿಸಿ ಅರ್ಜಿ ಹಾಕಿ. ಆ ದಾಖಲೆ ಕೊಡುವಾಗ ಚರ್ಚಿನ ಕಚೇರಿ ಬಾಕಿ ವಂತಿಗೆಯ ಮಾತು ಎತ್ತದಿರಲಿ.

ಮೇಜಿನಲ್ಲಿ ಬಗೆಹರಿಸಬಾರದವು

ಮಗುವಿನ ಮೇಲೆ ಲೈಂಗಿಕ ದೌರ್ಜನ್ಯದ ಮಾತು ಕಿವಿಗೆ ಬಿದ್ದರೆ 2012ರ ಪೋಕ್ಸೊ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ) ಕಾಯ್ದೆಯಡಿ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ತಿಳಿಸದಿರುವುದೇ ಅಪರಾಧ. ಆರೋಪಿ ಸಂಡೇ ಸ್ಕೂಲ್ ಶಿಕ್ಷಕನಾಗಿರಲಿ, ಕಮಿಟಿಯ ಹಿರಿಯನಾಗಿರಲಿ, ‘ಸಭೆಯ ಮಾನ’ ಎಂದು ಒಳಗೇ ಕೂತು ಮಾತಾಡಿ ಮುಗಿಸುವಂತಿಲ್ಲ. ಮಕ್ಕಳ ಸಹಾಯವಾಣಿ 1098.

ಮನೆಯ ಹಿಂಸೆಗೂ ಪಂಚಾಯ್ತಿ ಬೇಡ. ಗಂಡನನ್ನು ಕರೆಸಿ, ಇಬ್ಬರ ಕೈ ಹಿಡಿಸಿ ಪ್ರಾರ್ಥಿಸಿ ಕಳಿಸಿದ ರಾತ್ರಿಯೇ ಹೊಡೆತ ಹೆಚ್ಚಾಗುವುದು, ಹೊರಗೆ ಹೇಳಿದಳೆಂಬ ಸಿಟ್ಟಿಗೆ. ಆಕೆ ಒಪ್ಪಿದರೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿಸಿ, ಸಿಡಿಪಿಒ (ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಜೊತೆಯಲ್ಲಿ ಹೋಗಿ. ನಮ್ಮಲ್ಲಿ ಕೌಟುಂಬಿಕ ಹಿಂಸೆಯ ಕಾಯ್ದೆಯಡಿ ಸಂರಕ್ಷಣಾಧಿಕಾರಿಯ ಹೊಣೆ ಅವರದೇ.

ಕೆಡುವುದು ಎಲ್ಲಿ

ಮೂಲ ದಾಖಲೆ ಇಟ್ಟುಕೊಳ್ಳುವುದರಲ್ಲಿ. ಆಧಾರ್, ರೇಷನ್ ಕಾರ್ಡು ಒಂದು ರಾತ್ರಿಯೂ ಮೇಜಿನವರ ಬಳಿ ಉಳಿಯಬಾರದು. ಪ್ರತಿ ತೆಗೆದು ಕೈಗೇ ಕೊಡಿ, ಪ್ರತಿಯ ಮೇಲೆ ಯಾವ ಕೆಲಸಕ್ಕೆ ಎಂದು ಬರೆದು ಸಹಿ ಹಾಕಿಸಿ. ಓಟಿಪಿಯನ್ನು ಅವರೇ ಒತ್ತಲಿ. ಫೋಟೋ ತೆಗೆದು ಸಭೆಯ ವಾಟ್ಸಾಪ್ ಗುಂಪಿಗೆ ಹಾಕುವ ಚಟ ಇನ್ನೊಂದು. ‘ಇಂದು ಮೂವರು ವಿಧವೆಯರಿಗೆ ನೆರವು’ ಎಂಬ ಚಿತ್ರ ಬಂದ ಮರುವಾರ ನಾಲ್ಕನೆಯವರು ಬರುವುದಿಲ್ಲ.

ಹಣ ಮುಟ್ಟಬೇಡಿ. ಒಂದು ಜೆರಾಕ್ಸಿಗೂ ಅವರಿಂದ ಪಡೆಯದೆ ಬಡವರ ಕಾಣಿಕೆ ಡಬ್ಬಿಯಿಂದ ಖರ್ಚು ಹಾಕಿ, ಇಬ್ಬರು ಕೂತು ಎಣಿಸಿ ರಸೀದಿ ಅಂಟಿಸಿ. ಹತ್ತು ರೂಪಾಯಿ ತೆಗೆದುಕೊಂಡ ದಿನ ಊರಿನ ಬಾಯಲ್ಲಿ ನೀವೂ ಏಜೆಂಟರೇ. ವಿದೇಶದಲ್ಲಿರುವ ಸಭೆಯ ಮಕ್ಕಳು ಹಣ ಕಳಿಸುತ್ತೇವೆಂದರೆ ಮೊದಲು ಪಾಸ್‌ಪೋರ್ಟ್ ಯಾವುದೆಂದು ಕೇಳಿ: ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆಯಲ್ಲ. ಅಮೆರಿಕದ್ದೋ ಬ್ರಿಟನ್ನಿನದೋ ಪೌರತ್ವ ಪಡೆದವರು ಕೊಟ್ಟರೆ, ಕನ್ನಡಿಗರೇ ಆಗಿದ್ದರೂ, ಅದು ವಿದೇಶಿ ದೇಣಿಗೆ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿಯಾಗಲಿ ಪೂರ್ವಾನುಮತಿಯಾಗಲಿ ಇಲ್ಲದ ಚರ್ಚು ಅದನ್ನು ಮುಟ್ಟುವಂತಿಲ್ಲ.

ಆಗದ ಕೆಲಸಕ್ಕೆ ಆಗದು ಎಂದು ಅದೇ ದಿನ ಹೇಳಿ. 58 ವಯಸ್ಸಿನವರಿಗೆ ಸಂಧ್ಯಾ ಸುರಕ್ಷಾ ಸಿಗುವುದಿಲ್ಲ, ಅದಕ್ಕೆ 65 ತುಂಬಬೇಕು. ‘ನೋಡೋಣ’ ಎಂದು ಅವರನ್ನು ಮೂರು ಭಾನುವಾರ ಅಲೆಸಬಾರದು. ಕೈಯಲ್ಲಿ 20 ಕಡತಕ್ಕಿಂತ ಹೆಚ್ಚು ಬಾಕಿ ಇದ್ದಾಗ ಹೊಸದನ್ನು ತೆಗೆದುಕೊಳ್ಳದಿರುವುದು ಒಳ್ಳೆಯದು. ಹೆಚ್ಚಿನ ಕೇಂದ್ರಗಳು ಮುಚ್ಚುವುದು ಜನ ಬಾರದೆ ಅಲ್ಲ, ಒಬ್ಬರೇ ಎಲ್ಲ ಹೊತ್ತು ಸೋತು ಹೋಗುವುದರಿಂದ.

ಇನ್ನು ಸಭಾಪಾಲಕರ ವರ್ಗಾವಣೆ. ಹಳಬರು ಹೋಗುವ ಮುಂಚೆ ರಿಜಿಸ್ಟರಿನಲ್ಲಿ ಬಾಕಿ ಇರುವ ಪ್ರತಿ ಹೆಸರಿನ ಮುಂದೆ ಮುಂದಿನ ಹೆಜ್ಜೆ, ದಿನಾಂಕ, ಹೊಣೆ ಹೊತ್ತವರ ಹೆಸರು ಬರೆಸಿ. ಹೊಸಬರು ಬಂದ ಮೊದಲ ವಾರವೇ ಅವರನ್ನು ಒಂದು ಭಾನುವಾರ ಮೇಜಿನ ಬಳಿ ಪೂರ್ತಿ ಒಂದು ಗಂಟೆ ಕೂರಿಸಿ, ಭಾಷಣವಿಲ್ಲದೆ, ಎರಡು ಅರ್ಜಿ ಅವರ ಕೈಯಲ್ಲೇ ಬರೆಸಿ.